ಡೀಸೆಲ್, ಸಿಲಿಂಡರ್ ಕಡಿಮೆ ಮಾಡಬೇಕು: ಗೋಬರ್ ಗ್ಯಾಸ್, ಸೋಲಾರ್ ಬಳಸಿದವರ ಅನುಭವ ತಿಳಿಸಿ

ಪ್ರಶ್ನೆ (ಸಿದ್ದಾಪುರ ತಾಲ್ಲೂಕು)

ನಮ್ಮದು ಎರಡು ಎಕರೆ ಅಡಿಕೆ ತೋಟ, ಐದು ಜನರ ಮನೆ. ಕೊಟ್ಟಿಗೆಯಲ್ಲಿ ಎರಡು ಎಮ್ಮೆ, ಮೂರು ಮಲೆನಾಡು ಗಿಡ್ಡ ಹಸುಗಳಿವೆ. ಅಡುಗೆಗೆ ಸಿಲಿಂಡರ್, ಬೇಸಿಗೆಯಲ್ಲಿ ಹೊಳೆಯಿಂದ ನೀರೆತ್ತಲು ಡೀಸೆಲ್ ಪಂಪು, ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋದಾಗ ಜನರೇಟರ್. ಕೂಡಿಟ್ಟಿರುವ ಒಂದೂವರೆ ಲಕ್ಷ ರೂಪಾಯಿಯನ್ನು ಗೋಬರ್ ಗ್ಯಾಸಿಗೆ ಹಾಕಬೇಕೋ ಚಾವಣಿಯ ಸೋಲಾರಿಗೆ ಹಾಕಬೇಕೋ ಎಂಬುದನ್ನು ಅನುಭವಸ್ಥರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ (ಶಿರಸಿ ತಾಲ್ಲೂಕು)

ಹದಿನೇಳು ವರ್ಷಗಳಿಂದ ದಿನಕ್ಕೆ 2 ಘನಮೀಟರ್ ಗ್ಯಾಸು ಕೊಡುವ ಅಳತೆಯ, ದೀನಬಂಧು ಮಾದರಿಯ (ನೆಲದೊಳಗೆ ಗುಮ್ಮಟದಂತೆ ಕಟ್ಟುವ) ಗೋಬರ್ ಗ್ಯಾಸ್ ನಡೆಸುತ್ತಿದ್ದೇನೆ. ಅದಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಮತ್ತು ಅಷ್ಟೇ ನೀರು ಬೇಕು. ಲೆಕ್ಕ ಹಾಕುವಾಗ ದನಗಳ ತಲೆ ಎಣಿಸಿದರೆ ಸಾಲದು. ಗಿಡ್ಡ ತಳಿಯ ಹಸುಗಳನ್ನು ಮೇಯಲು ಬಿಟ್ಟರೆ ಸಗಣಿಯ ಒಂದು ಪಾಲು ಬೆಟ್ಟದಲ್ಲೇ ಉಳಿಯುತ್ತದೆ. ಒಂದು ವಾರ ಕೊಟ್ಟಿಗೆಯ ಸಗಣಿಯನ್ನು ತೂಗಿ ನೋಡಿ, ಆಮೇಲೆ ಗುಂಡಿಯ ಅಳತೆ ನಿರ್ಧರಿಸಿ. ನಮ್ಮ ಕಡೆ ಕೊಟ್ಟಿಗೆಗೆ ಸೊಪ್ಪು, ದರಕು (ಒಣಗಿದ ಎಲೆ) ಹಾಸುವ ವಾಡಿಕೆಯಿರುವುದರಿಂದ ಇನ್ನೊಂದು ತೊಡಕೂ ಇದೆ: ಆ ನಾರು ಒಳಗೆ ಸೇರಿದರೆ ಮೇಲೆ ಕೆನೆಗಟ್ಟಿ ಗ್ಯಾಸು ಏಳುವುದಿಲ್ಲ. ಸೊಪ್ಪು ಬೆರೆಯದ ಸಗಣಿಯನ್ನು ಬೆಳಿಗ್ಗೆಯೇ ಬೇರೆಯಾಗಿ ಬಾಚಿಕೊಳ್ಳಬೇಕು. ಕೊಟ್ಟಿಗೆ ತೊಳೆದ ಫಿನಾಯಿಲ್ ನೀರು ಗುಂಡಿಗೆ ಹೋದರೆ ಗ್ಯಾಸು ಹುಟ್ಟಿಸುವ ಸೂಕ್ಷ್ಮಜೀವಿಗಳೇ ಸಾಯುತ್ತವೆ. ಮೊದಲ ವರ್ಷ ಇದೇ ತಪ್ಪು ಮಾಡಿ ತಿಂಗಳುಗಟ್ಟಲೆ ಒಲೆ ಉರಿಯದೆ ಕೂತಿದ್ದೆವು.

ಡಿಸೆಂಬರಿನ ಚಳಿಯಲ್ಲಿ ಗ್ಯಾಸು ಕಡಿಮೆಯಾಗುತ್ತದೆ. ಕೊಳವೆಯಲ್ಲಿ ನೀರು ನಿಂತರೆ ಉರಿ ಕುಣಿಯುತ್ತದೆ, ಆದ್ದರಿಂದ ಕೊಳವೆಗೆ ಇಳಿಜಾರು ಇರಲಿ. ಇಷ್ಟಾದರೂ ನಾನು ಇದನ್ನು ಬಿಡದಿರುವುದಕ್ಕೆ ಕಾರಣ ಗ್ಯಾಸಿಗಿಂತ ಹೆಚ್ಚಾಗಿ ಸ್ಲರಿ, ಅಂದರೆ ಗ್ಯಾಸು ಬಿಟ್ಟ ಮೇಲೆ ಗುಂಡಿಯಿಂದ ಹೊರಬರುವ ಸಗಣಿಯ ರಾಡಿ. ಅದು ತೋಟಕ್ಕೆ ಹೋಗಲು ಶುರುವಾದ ಮೇಲೆ ಗೊಬ್ಬರ ಕೊಳ್ಳುವುದು ಬಹಳ ಕಡಿಮೆಯಾಗಿದೆ. ಮಳೆಗಾಲದಲ್ಲಿ ಸ್ಲರಿ ಗುಂಡಿಗೆ ಮಾಡು (ಚಾವಣಿ) ಹಾಕದಿದ್ದರೆ ಮಾತ್ರ ಸಾರವೆಲ್ಲ ಹಳ್ಳದ ಪಾಲು. ಇನ್ನೊಂದು ಮಾತು: ದಿನವೂ ಸಗಣಿ ಕಲಸುವವರು ಯಾರು ಎಂಬುದನ್ನು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ನಮ್ಮ ಊರಿನಲ್ಲಿ ಪಾಳು ಬಿದ್ದಿರುವ ಗುಂಡಿಗಳಲ್ಲಿ ಹೆಚ್ಚಿನವು ಕೆಟ್ಟು ನಿಂತವಲ್ಲ, ಕಲಸುವವರಿಲ್ಲದೆ ನಿಂತವು.

ಉತ್ತರ (ತೀರ್ಥಹಳ್ಳಿ ತಾಲ್ಲೂಕು)

ಚಾವಣಿಯ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದ್ದೇನೆ. ಪಿಎಂ ಸೂರ್ಯಘರ್ ಯೋಜನೆಯಲ್ಲಿ ಇಷ್ಟಕ್ಕೆ 78,000 ರೂಪಾಯಿ ಸಹಾಯಧನವಿದೆ. ಬೇಸಿಗೆಯಲ್ಲಿ ದಿನಕ್ಕೆ ಹನ್ನೆರಡು ಯೂನಿಟ್ಟಿಗೆ ಮೋಸವಿಲ್ಲ. ಆಷಾಢದಲ್ಲಿ ಕೆಲವು ದಿನ ಮೂರೂ ಬರುವುದಿಲ್ಲ. ಅಳವಡಿಸಿದವರು ನನಗೆ ಹೇಳದೇ ಬಿಟ್ಟ ಸಂಗತಿಯೆಂದರೆ, ಬ್ಯಾಟರಿಯಿಲ್ಲದೆ ವಿದ್ಯುತ್ ಜಾಲಕ್ಕೆ ಸೇರಿಸಿದ ಸೋಲಾರ್, ಕರೆಂಟು ಹೋದ ಕ್ಷಣವೇ ತಾನೂ ನಿಲ್ಲುತ್ತದೆ ಎಂಬುದು. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ಅಪಾಯವಾಗದಿರಲೆಂದು ಅದನ್ನು ಹಾಗೆಯೇ ಮಾಡಿರುತ್ತಾರೆ. ಹಾಗಾಗಿ ನಿಮ್ಮ ಮಳೆಗಾಲದ ಕತ್ತಲಿಗೆ ಇದು ಪರಿಹಾರವಲ್ಲ. ಗೃಹಜ್ಯೋತಿಯಲ್ಲಿ ನಿಮ್ಮ ಬಿಲ್ಲು ಈಗಾಗಲೇ ಶೂನ್ಯವಾಗಿದ್ದರೆ ಉಳಿತಾಯದ ಲೆಕ್ಕವೂ ಕೂಡಿ ಬರುವುದಿಲ್ಲ. ದೀಪ, ಫ್ಯಾನು, ಮೊಬೈಲಿಗೆ ಬ್ಯಾಟರಿಯಿರುವ ಒಂದು ಸಣ್ಣ ಸೋಲಾರ್ ಸೆಟ್ಟು ಸಾಕು. ಅಡಿಕೆ ಮರದ ನೆರಳು ಒಂದೇ ಫಲಕದ ಮೇಲೆ ಬಿದ್ದರೂ ಆ ಸಾಲಿನ ಉತ್ಪಾದನೆ ಕುಸಿಯುತ್ತದೆ. ಮಂಗಗಳ ವಿಷಯ ನಿಮಗೆ ಹೇಳಬೇಕಾಗಿಲ್ಲ.

ಉತ್ತರ (ಹಿರಿಯೂರು ತಾಲ್ಲೂಕು)

ನಮ್ಮದು ಬಯಲುಸೀಮೆ, ಬಿಸಿಲಿಗೆ ಬರವಿಲ್ಲ. 5 ಎಚ್‌ಪಿ ಸೋಲಾರ್ ಪಂಪು ಬಂದ ಮೇಲೆ ರಾತ್ರಿ ಮೂರು ಗಂಟೆಗೆ ಹಾವು ಹುಳಕ್ಕೆ ಹೆದರುತ್ತ ಮೋಟಾರು ಹಾಕಲು ಹೋಗುವುದು ತಪ್ಪಿತು. ಆದರೆ ನೀರೆತ್ತಲು ಖರ್ಚಿಲ್ಲವೆಂದು ಹಗಲೆಲ್ಲ ಎತ್ತಿದ್ದರಿಂದ ಪಕ್ಕದ ಹೊಲದವರ ಬೋರು ಬತ್ತಿತು, ಮರು ವರ್ಷ ನಮ್ಮದೂ. ಅದಕ್ಕೂ ಹಿಂದೆ ಡೀಸೆಲ್ ಸುಡುತ್ತಿದ್ದಾಗ ಕೈ ತಾನಾಗಿ ಹಿಡಿತದಲ್ಲಿರುತ್ತಿತ್ತು. ನಿಮ್ಮದು ಹೊಳೆಯ ನೀರು, ಅದೂ ವರ್ಷದಲ್ಲಿ ನಾಲ್ಕೇ ತಿಂಗಳು. ಉಳಿದ ಎಂಟು ತಿಂಗಳು ಸುಮ್ಮನೆ ನಿಲ್ಲುವ ಪಂಪಿಗೆ ಇಷ್ಟು ಹಣ ಹಾಕಬೇಡಿ ಎಂದೇ ಹೇಳುತ್ತೇನೆ.

ಉತ್ತರ (ಕುಣಿಗಲ್ ತಾಲ್ಲೂಕು)

ಸಗಣಿಯ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ತಾಲ್ಲೂಕಿನ ಪುರ ಎಂಬ ಹಳ್ಳಿಯೇ ಉದಾಹರಣೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದೇ ಇದ್ದ ‘ಅಸ್ತ್ರ’ ಕೇಂದ್ರದವರು ಅಲ್ಲಿ ಇಡೀ ಊರಿಗೆ ಅಡುಗೆ ಗ್ಯಾಸು ಕೊಡಲು ಹೊರಟಾಗ ಊರಿನ ಸಗಣಿ ಅದಕ್ಕೆ ಸಾಲಲಿಲ್ಲ. ಆಮೇಲೆ 1987ರಿಂದ ಅದೇ ಗ್ಯಾಸನ್ನು ಎಂಜಿನ್ನಿಗೆ ಕೊಟ್ಟು ಕುಡಿಯುವ ನೀರೆತ್ತಿದರು, ಮನೆಗಳಿಗೆ ದೀಪ ಕೊಟ್ಟರು. ಆ ಎಂಜಿನ್ನಿಗೂ ಗ್ಯಾಸಿನ ಜೊತೆ ಸ್ವಲ್ಪ ಡೀಸೆಲ್ ಬೇಕೇ ಇತ್ತು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಒಂದು ವಾರ ತೂಗಿದೆ: ದಿನಕ್ಕೆ ಸರಾಸರಿ 31 ಕಿಲೋ. ಆದ್ದರಿಂದ 1 ಘನಮೀಟರಿನ ಗುಂಡಿ ಕಟ್ಟಿಸಿ, ದೀಪಕ್ಕೆ ಸಣ್ಣ ಸೋಲಾರ್ ಸೆಟ್ಟು ತರಿಸಲು ನಿಶ್ಚಯಿಸಿದ್ದೇನೆ. ಒಂದು ಸಿಲಿಂಡರ್ ಮೂಲೆಯಲ್ಲಿ ಇದ್ದೇ ಇರುತ್ತದೆ, ಡೀಸೆಲ್ ಪಂಪು ಸದ್ಯಕ್ಕೆ ಹೊಳೆಯ ಬಳಿಯೇ ಉಳಿಯುತ್ತದೆ. ಸಗಣಿ ಕಲಸುವ ಕೆಲಸ ನನ್ನ ಪಾಲಿಗೆ ಬಂದಿದೆ.