ಊರಿಗೆ ಡಾಂಬರು ರಸ್ತೆ ಬಂತು, ಹೆಣ್ಣುಮಕ್ಕಳಿಗೆ ಬಸ್ಸು ಬಂತೇ?

ಪ್ರಶ್ನೆ: ಜಗಳೂರು ತಾಲ್ಲೂಕಿನಿಂದ

ಮುಖ್ಯರಸ್ತೆಯಿಂದ ನಮ್ಮೂರಿಗೆ ಬರುವ ನಾಲ್ಕು ಕಿಲೋಮೀಟರ್ ಮಣ್ಣುದಾರಿಗೆ ಮೂರು ವರ್ಷಗಳ ಹಿಂದೆ ಡಾಂಬರು ಬಿತ್ತು. ಗಂಡಸರು ಬೈಕ್ ಹತ್ತಿ ಪೇಟೆಗೆ ಹೋಗಿ ಬರುತ್ತಾರೆ. ಪಿಯುಸಿ ಓದುವ ನನ್ನ ತಂಗಿ ಮಾತ್ರ ಬಸ್ಸು ಹಿಡಿಯಲು ಇಂದಿಗೂ ಆ ನಾಲ್ಕು ಕಿಲೋಮೀಟರ್ ನಡೆಯುತ್ತಾಳೆ. ರಸ್ತೆಯಾದರೆ ಮಹಿಳೆಯರ ಸಬಲೀಕರಣವಾಗುತ್ತದೆ ಎನ್ನುತ್ತಾರೆ. ನಿಮ್ಮ ಊರುಗಳಲ್ಲಿ ನಿಜವಾಗಿ ಏನು ಬದಲಾಗಿದೆ, ದಯವಿಟ್ಟು ತಿಳಿಸಿ.

ಉತ್ತರ: ಮೊಳಕಾಲ್ಮೂರಿನ ಆಶಾ ಕಾರ್ಯಕರ್ತೆ

ತಂಗೀ, ಏನೂ ಬದಲಾಗಿಲ್ಲ ಎಂದು ನಾನು ಹೇಳಲಾರೆ. ಹಿಂದೆ ಮಳೆಗಾಲದಲ್ಲಿ ಆಂಬ್ಯುಲೆನ್ಸ್ ಹಳ್ಳದ ಆಚೆಯೇ ನಿಲ್ಲುತ್ತಿತ್ತು. ಹೆರಿಗೆ ನೋವು ತಿನ್ನುತ್ತಿದ್ದವಳನ್ನು ಎತ್ತಿನಗಾಡಿಯಲ್ಲಿ ಹುಲ್ಲು ಹಾಸಿ, ಮೇಲೊಂದು ಕೌದಿ ಹರವಿ ಮಲಗಿಸಿ, ಗಾಡಿ ಕುಣಿಗೆ ಇಳಿದಾಗಲೆಲ್ಲ ಅವಳ ಸೊಂಟವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಹಳ್ಳ ದಾಟಿಸಿದ್ದೇನೆ. ಮೋರಿ ಕಟ್ಟಿ ರಸ್ತೆ ಮಾಡಿದ ಮೇಲೆ 108 ಮನೆ ಬಾಗಿಲಿಗೆ ಬರುತ್ತದೆ. ಆದರೆ ತಿಂಗಳ ತಪಾಸಣೆಗೆ ಹೋಗಬೇಕಾದ ಬಸುರಿಯರು ಮಾತ್ರ ಈಗಲೂ ಮನೆಯಲ್ಲಿ ಬೈಕ್ ಇರುವವರ ಬಿಡುವಿಗಾಗಿ ಕಾಯುತ್ತಾರೆ.

ಉತ್ತರ: ಹೊಸದುರ್ಗದ ಮಾಜಿ ಗ್ರಾಮ ಪಂಚಾಯಿತಿ ಸದಸ್ಯೆ

ಆಶಾ ಅಕ್ಕನವರು ಕೊನೆಯಲ್ಲಿ ಹೇಳಿದ್ದೇ ವಿಷಯದ ತಿರುಳು. 2000ದಲ್ಲಿ ಆರಂಭವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ, ಬಯಲು ಪ್ರದೇಶಗಳಲ್ಲಿ 500 ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ, ಸಂಪರ್ಕವಿಲ್ಲದ ಊರುಗಳಿಗೆ ಸರ್ವಋತು ರಸ್ತೆ ಕೊಡಲು ಹೊರಟಿತು. 2019ರ ಮೂರನೇ ಹಂತವು ಮಾರುಕಟ್ಟೆ, ಹೈಯರ್ ಸೆಕೆಂಡರಿ ಶಾಲೆ, ಆಸ್ಪತ್ರೆಗಳಿಗೆ ಹೋಗುವ ದಾರಿಗಳಿಗೆ ಆದ್ಯತೆ ನೀಡಿತು. ರಸ್ತೆ ಹಾಕುವವರಿಗೂ ಅದರ ಮೇಲೆ ಬಸ್ಸು ಓಡಿಸುವವರಿಗೂ ಸಂಬಂಧವಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಪ್ರಯಾಣ ಉಚಿತವಾಗಿದ್ದರೂ ಅದು ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳ ಹಲವು ಹಳ್ಳಿ ಮಾರ್ಗಗಳಲ್ಲಿ ಖಾಸಗಿ ಬಸ್ಸುಗಳೇ ಓಡುತ್ತವೆ. ಗಂಡನನ್ನೋ ಮಗನನ್ನೋ ಕೇಳದೆ, ಕೂಲಿಯ ದುಡ್ಡು ಖರ್ಚಾಗದಂತೆ ಪೇಟೆಗೆ ಹೋಗಿ ಸಂಜೆಗೆ ಮನೆ ಸೇರುವಂತಾದಾಗಲೇ ಆ ರಸ್ತೆ ಹೆಣ್ಣಿನದೂ ಆಗುತ್ತದೆ ಎಂಬುದು ನನ್ನ ನಂಬಿಕೆ. ನೀವು ಗ್ರಾಮಸಭೆಯಲ್ಲಿ ಬಸ್ಸಿಗಾಗಿ ನಿರ್ಣಯ ಮಾಡಿಸಿ, ಕಾಲೇಜಿನ ವೇಳೆಯನ್ನೂ ಓದುವ ಹುಡುಗಿಯರ ಸಂಖ್ಯೆಯನ್ನೂ ಸೇರಿಸಿ ಡಿಪೊ ವ್ಯವಸ್ಥಾಪಕರಿಗೆ ಕೊಡಿ. ಬರೀ ‘ಬಸ್ಸು ಬೇಕು’ ಎಂದು ಬರೆದರೆ ಮಧ್ಯಾಹ್ನ ಹನ್ನೆರಡಕ್ಕೊಂದು ಬಸ್ಸು ಬರುತ್ತದೆ. ನಮ್ಮಲ್ಲಿ ಹಾಗೆಯೇ ಆಗಿತ್ತು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಕಾಲೇಜಿಗೆ ಹೋಗುವವರು ನಮ್ಮೂರಿನಲ್ಲಿ ಹನ್ನೊಂದು ಹುಡುಗಿಯರಿದ್ದಾರೆ, ಓದು ಬಿಟ್ಟವರು ನಾಲ್ವರು. ಬಿಟ್ಟವರ ಹೆಸರನ್ನೂ ಅರ್ಜಿಯಲ್ಲಿ ಸೇರಿಸಬಹುದೇ?