ಅಪ್‌ಡೇಟ್: ಅಡಿಕೆ ಟ್ರೇಲರ್ ತೂಕ ಹಾಕಿಸಿದೆ

ಹೋದ ತಿಂಗಳು ಕೇಳಿದ್ದೆ: ತೀರ್ಥಹಳ್ಳಿಯಿಂದ ಶಿವಮೊಗ್ಗ ಮಂಡಿಗೆ ಕಾರಿನ ಹಿಂದೆ ಸಣ್ಣ ಟ್ರೇಲರ್ ಕಟ್ಟಿ ಆರು ಚೀಲ ಅಡಿಕೆ ಒಯ್ಯಬಹುದಾ ಅಂತ. ಮಂಡಗದ್ದೆ ಹತ್ತಿರ ಟ್ರೇಲರ್ ಹಾವಿನ ಹಾಗೆ ಓಲಾಡಿ ಜೀವ ಬಾಯಿಗೆ ಬಂದಿತ್ತು.

ಮೊದಲು ತೂಕ ಹಾಕಿಸಿ ಅಂತ ನೀವು ಹೇಳಿದ ಹಾಗೆ, ಲಾರಿ ತೂಗುವ ವೇಬ್ರಿಡ್ಜಿಗೆ ಹೋದೆ. ಖಾಲಿ ಟ್ರೇಲರೇ 240 ಕೆಜಿ! ನಾನು ಸುಮ್ನೆ ನೂರು ಇರಬಹುದು ಅಂದುಕೊಂಡಿದ್ದೆ. ಚೀಲಕ್ಕೆ 65ರಂತೆ ಆರು ಚೀಲ 390, ಒಟ್ಟು 630. ನನ್ನ ಕಾರಿನ ಪುಸ್ತಕದಲ್ಲಿ ಬ್ರೇಕಿಲ್ಲದ ಟ್ರೇಲರಿಗೆ ಹೆಚ್ಚೆಂದರೆ 500 ಅಂತಿದೆ. ಅದು ಸರಕಿನ ತೂಕ ಅಲ್ಲ, ಟ್ರೇಲರ್ ಸೇರಿಸಿ. ನಾನು ಎಡವಿದ್ದೇ ಇಲ್ಲಿ.

ಈಗ ಮೂರೇ ಚೀಲ, 435 ಕೆಜಿ. ನಾಲ್ಕಾದರೆ ಸರಿಯಾಗಿ 500, ಆದರೆ ಮಳೆಗೆ ನೆನೆದ ಟಾರ್ಪಾಲಿಗೂ ತೂಕ ಇರುತ್ತೆ ಅಲ್ವಾ.

ಓಲಾಟಕ್ಕೆ ಇನ್ನೊಂದು ಕಾರಣವೂ ಸಿಕ್ಕಿತು. ಚೀಲಗಳನ್ನು ಹಿಂದಕ್ಕೆ ಒಟ್ಟಿದ್ದೆ. ಅಂಗಳದಲ್ಲಿ ಮನೆಯ ತೂಕದ ಯಂತ್ರ ಇಟ್ಟು, ಮೇಲೆ ಮರದ ತುಂಡು ನಿಲ್ಲಿಸಿ, ಟ್ರೇಲರಿನ ಮೂತಿ (ಕಾರಿಗೆ ಸಿಕ್ಕಿಸುವ ತುದಿ) ಕೂರಿಸಿದೆ. ಎತ್ತರ ಕಾರಿನ ಕೊಕ್ಕೆಯಷ್ಟೇ ಇರಬೇಕು. ಮೂತಿಯ ಭಾರ ಬರೀ 12 ಕೆಜಿ; ಅದು ಇಷ್ಟು ಹಗುರವಾದರೆ ಟ್ರೇಲರ್ ಓಲಾಡುತ್ತೆ. ಚೀಲಗಳನ್ನು ಅಚ್ಚಿನಿಂದ ತುಸು ಮುಂದಕ್ಕೆ ಸರಿಸಿದ ಮೇಲೆ 42, ಅಂದರೆ ಒಟ್ಟಿನ ಹತ್ತನೇ ಒಂದು ಭಾಗದ ಹತ್ತಿರ. ಈ ಭಾರ ಕಾರಿನ ಹಿಂಬದಿ ಮೇಲೆ ಬೀಳುತ್ತೆ, ಹಾಗಾಗಿ ಡಿಕ್ಕಿ ಖಾಲಿ ಬಿಟ್ಟೆ.

ನಿನ್ನೆ ಹೋಗಿ ಬಂದೆ. ಇಳಿಜಾರಿನಲ್ಲಿ ಎರಡನೇ ಗೇರು, ಎಲ್ಲೂ ಓಲಾಡಲಿಲ್ಲ. ಎರಡು ಟ್ರಿಪ್ ಆಗುತ್ತೆ, ಡೀಸೆಲ್ ಜಾಸ್ತಿ ಅಂತ ಅಪ್ಪಯ್ಯ ಗೊಣಗಿದರು. ಆಗುಂಬೆ ಘಾಟಿಗೆ ಮಾತ್ರ ಇದನ್ನು ಇಳಿಸಲ್ಲ.