ಸೊಂಟದಲ್ಲಿ ಗನ್: ಕಾಣುವಂತೆ ಇಡಬೇಕಾ, ಅಂಗಿಯೊಳಗಾ? ಟೆಕ್ಸಾಸ್‌ನಲ್ಲಿರುವವರು ಅನುಭವ ಹೇಳಿ

ಫ್ರಿಸ್ಕೊ ಅಂಗಡಿ:
ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಗ್ರೀನ್ ಕಾರ್ಡ್ ಬಂತು. ಭಾಮೈದನ ಜೊತೆ ಸೇರಿ ಡಾಲಸ್ ಹತ್ತಿರ ಒಂದು ಗ್ಯಾಸ್ ಸ್ಟೇಷನ್ (ಪೆಟ್ರೋಲ್ ಬಂಕ್) ಅಂಗಡಿಯಲ್ಲಿ ಪಾಲು ತೆಗೆದುಕೊಂಡಿದ್ದೇನೆ. ರಾತ್ರಿ ಬಾಗಿಲು ಹಾಕಿ ಕ್ಯಾಶ್ ಹಿಡಿದುಕೊಂಡು ಹೊರಡೋದು ನಾನೇ. ಪಕ್ಕದ ಅಂಗಡಿಗೆ ಈಗಾಗಲೇ ನುಗ್ಗಿದ್ದಾರೆ. ಗನ್ ತಗೊಳ್ಳೋದು ನಿರ್ಧಾರ ಆಗಿದೆ, ದಯವಿಟ್ಟು ಆ ಚರ್ಚೆ ಬೇಡ. "ಎಲ್ಲರಿಗೂ ಕಾಣುವಂತೆ ಸೊಂಟಕ್ಕೆ ಹಾಕಿಕೊಳ್ಳಿ ಭಾವ, ನೋಡಿದ ತಕ್ಷಣ ಕಳ್ಳ ವಾಪಸ್ ಹೋಗ್ತಾನೆ" ಅಂತ ಭಾಮೈದ. "ಇಟ್ಟುಕೊಂಡರೂ ಒಂದು ನರಪಿಳ್ಳೆಗೆ ಗೊತ್ತಾಗಬಾರದು" ಅಂತ ಹೆಂಡತಿ. ಮನೆಯಲ್ಲಿ ಎರಡು ಚಿಕ್ಕ ಮಕ್ಕಳು. ನಾನು ಎಡಗೈಯವನು. ನೀವು ಹೇಗೆ ಇಟ್ಟುಕೊಳ್ಳುತ್ತೀರಿ, ಯಾಕೆ?

ಹಳೇ ಡಾಲಸ್:
2016ರ ಜನವರಿ 1ಕ್ಕೆ ಲೈಸೆನ್ಸ್ ಇದ್ದವರು ಕಾಣುವಂತೆ ಇಟ್ಟುಕೊಳ್ಳಬಹುದು ಅಂತ ಕಾನೂನು ಜಾರಿಯಾಯಿತು. ನಾನು ಅವತ್ತಿನಿಂದಲೇ ಹಾಕುತ್ತಿದ್ದೇನೆ. ಅದಕ್ಕೂ ಮುಂಚೆ ಅಂಗಿಯೊಳಗೆ ಇಟ್ಟು ಬೆವರಿ ಸಾಕಾಗಿತ್ತು. ಆಗಸ್ಟ್‌ನಲ್ಲಿ 105 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಲ್ಲಿ ಎರಡು ಅಂಗಿ ಹಾಕಿಕೊಂಡು ಓಡಾಡಿದವನಿಗೇ ಗೊತ್ತು ಆ ಕಷ್ಟ.

ಖರ್ಚು ಹೇಳುತ್ತೇನೆ ಕೇಳಿ. ಮೊದಲು ತಗೊಂಡದ್ದು 35 ಡಾಲರಿನ ನೈಲಾನ್ ಹೋಲ್ಸ್ಟರ್, ಅಂದರೆ ಸೊಂಟದಲ್ಲಿ ಗನ್ ಸಿಕ್ಕಿಸುವ ಒರೆ. ಕಾರಿನಿಂದ ಇಳಿಯುವಾಗ ಸೀಟ್‌ಬೆಲ್ಟಿಗೆ ಸಿಕ್ಕಿ ಗನ್ ಅರ್ಧ ಹೊರಗೆ ಬಂತು. ಎಸೆದೆ. ಆಮೇಲೆ ಲಾಕ್ ಇರುವ ಲೆವೆಲ್ 2 ಹೋಲ್ಸ್ಟರ್, 90 ಡಾಲರ್. ಅದೂ ಅಲ್ಲಾಡುತ್ತಿತ್ತು. ಕೊನೆಗೆ ಪೊಲೀಸರು ಹಾಕುವ ಲೆವೆಲ್ 3 ತರಿಸಿದೆ. ಟ್ಯಾಕ್ಸ್ ಸೇರಿ 190. ಮೇಲಿನ ಹುಡ್ ಹೆಬ್ಬೆರಳಿಂದ ಒತ್ತಿ ತಿರುಗಿಸಿ, ಒಳಗಿನ ಲಾಕ್ ಬಿಡಿಸಿದರೆ ಮಾತ್ರ ಗನ್ ಹೊರಗೆ ಬರುತ್ತದೆ, ಹಿಂದಿನಿಂದ ಯಾರಾದರೂ ಕೈ ಹಾಕಿ ಎಳೆದರೆ ಬರುವುದಿಲ್ಲ. ಅದರ ಭಾರ ತಡೆಯುವ ಗಟ್ಟಿ ಬೆಲ್ಟ್ 75. ಹಿಂದಿನಿಂದ ಗನ್ ಕಿತ್ತುಕೊಳ್ಳಲು ಬಂದರೆ ಏನು ಮಾಡಬೇಕು ಅನ್ನೋ ಕ್ಲಾಸ್ ಎರಡು ದಿನ, 350. ಕಾಣುವಂತೆ ಹಾಕೋದು ಸುಮ್ನೆ ಶೋಕಿ ಅಂದುಕೊಂಡವರು ಈ ಲೆಕ್ಕ ಕೂಡಿಸಿ ನೋಡಲಿ.

ಒಂದು ಸಲ ಪಾರ್ಕಿನಲ್ಲಿ ವಾಕಿಂಗ್ ಮಾಡುವಾಗ ಯಾರೋ ಪೊಲೀಸರಿಗೆ ಫೋನ್ ಮಾಡಿದರು. "ಗಡ್ಡದವನೊಬ್ಬ ಗನ್ ಹಿಡಿದು ಓಡಾಡುತ್ತಿದ್ದಾನೆ" ಅಂತ. ಹಿಡಿದಿರಲಿಲ್ಲ, ಹೋಲ್ಸ್ಟರ್‌ನಲ್ಲಿತ್ತು. ಎರಡು ಕಾರು ಬಂದವು. ಎರಡೂ ಕೈ ಕಾಣುವಂತೆ ನಿಂತೆ, ಲೈಸೆನ್ಸ್ ಯಾವ ಜೇಬಲ್ಲಿದೆ ಅಂತ ಹೇಳಿದೆ, ತೆಗೆದು ನೋಡಿದರು, ಥ್ಯಾಂಕ್ಯೂ ಅಂದು ಹೋದರು. ಆಮೇಲೂ ಹಾಕೋದು ಬಿಟ್ಟಿಲ್ಲ. ಹಕ್ಕು ಇದ್ದ ಮೇಲೆ ಮುಚ್ಚಿಡೋದು ಯಾಕೆ? ಮುಚ್ಚಿಡೋದು ಕಳ್ಳರ ಕೆಲಸ.

ಕೇಟಿ ಮಂಡ್ಯದವ:
ಏನ್ರೀ ಕಳ್ಳರ ಕೆಲಸ ಅಂದ್ರೆ? ಲೈಸೆನ್ಸ್ ತಗೊಂಡು, ಬೆರಳಚ್ಚು ಕೊಟ್ಟು, 40 ಡಾಲರ್ ಕಟ್ಟಿ (2017ಕ್ಕೆ ಮುಂಚೆ 140 ಇತ್ತು, ನಾನು ಕಟ್ಟಿದ್ದು ಆ 140ರ ರೇಟಿನಲ್ಲಿ, ಆ ಹೊಟ್ಟೆಯುರಿ ಇನ್ನೂ ಹೋಗಿಲ್ಲ), 3, 7, 15 ಗಜದಿಂದ 50 ಗುಂಡು ಹೊಡೆದು 250ಕ್ಕೆ 175 ಮೇಲೆ ಅಂಕ ತಗೊಂಡವನು ಕಳ್ಳನಾ? ನಿಮ್ಮ ಸೊಂಟದ್ದು ನೋಡಿ ಕಳ್ಳ ಓಡಿ ಹೋಗ್ತಾನೆ ಅನ್ನೋದು ನಿಮ್ಮ ನಂಬಿಕೆ. ಮೊದಲು ನಿಮಗೇ ಹೊಡೀತಾನೆ ಅನ್ನೋದು ನನ್ನ ನಂಬಿಕೆ. ಇಬ್ಬರ ಹತ್ತಿರವೂ ಸಾಕ್ಷಿ ಇಲ್ಲ, ಆದರೆ ನನ್ನ ನಂಬಿಕೆಯಲ್ಲಿ ನಾನು ಮನೆಗೆ ಬರುತ್ತೇನೆ.

ನಾನು ಅಂಗಿಯೊಳಗೇ. ನನ್ನ ಕಥೆ ಹೋಲ್ಸ್ಟರ್‌ಗಳದ್ದು. ಕಪಾಟಿನ ಒಂದು ಡ್ರಾಯರ್ ತುಂಬ ಇವೆ. ಹಿಂಬದಿ ಸೊಂಟಕ್ಕೆ ಚರ್ಮದ್ದು, ಬೆವರಿಗೆ ಮೆತ್ತಗಾಗಿ ಬಾಯಿ ಮುಚ್ಚಿಕೊಂಡಿತು. ಆಮೇಲೆ ಕೈಡೆಕ್ಸ್ ಅನ್ನೋ ಗಟ್ಟಿ ಪ್ಲಾಸ್ಟಿಕ್‌ದು, ಹೊಟ್ಟೆಯ ಮುಂದೆ. ನನ್ನ ಗ್ಲಾಕ್ 19 ಪಿಸ್ತೂಲು ಹಾಕಿ ಕುಳಿತರೆ ಕೆಳಹೊಟ್ಟೆಗೆ ಚುಚ್ಚೋದು, ನಿಂತರೆ ಅಂಗಿ ಉಬ್ಬೋದು. ಪ್ಯಾಂಟ್ ಎಲ್ಲಾ ಎರಡಿಂಚು ದೊಡ್ಡದು ತಗೊಂಡೆ. ಅದೇ ಒಂದು 300 ಡಾಲರ್ ದಂಡ. ಕೊನೆಗೆ ಗನ್ನನ್ನೇ ಬದಲಾಯಿಸಿದೆ, ಸಿಗ್ ಪಿ365. ಚಿಕ್ಕದು, 18 ಔನ್ಸ್ ಹತ್ತಿರ ತೂಕ, 10 ಗುಂಡು ಹಿಡಿಯುತ್ತದೆ. ಆದರೆ ಹಿಡಿ ಸಣ್ಣದು, ಹೊಡೆದರೆ ಕೈಯಲ್ಲಿ ಕುಣಿಯುತ್ತದೆ, ಅಭ್ಯಾಸ ಜಾಸ್ತಿ ಬೇಕು. ಅದು ನನ್ನ ಕೈಗೆ ಬಂದದ್ದು ಸರಿಯಾಗಿ ಕೊರೊನಾ ಟೈಮಿಗೆ. ಮುಂಚೆ 20 ಸೆಂಟಿಗೆ ಸಿಗುತ್ತಿದ್ದ 9 ಎಂಎಂ ಗುಂಡು ಒಂದಕ್ಕೆ 80 ಸೆಂಟ್ ಆಯಿತು. ಒಂದು ಡಬ್ಬಿ 50 ಗುಂಡಿಗೆ 40 ಡಾಲರ್! ಅರ್ಧ ಗಂಟೆಯಲ್ಲಿ ಖಾಲಿ.

ಇನ್ನು ದೇವಸ್ಥಾನ. ಬಾಗಿಲಲ್ಲಿ 30.06, 30.07 ಅಂತ ಎರಡು ಬೋರ್ಡ್ ಇರುತ್ತವೆ, ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ. ಮೊದಲನೆಯದು ಮುಚ್ಚಿಟ್ಟವನಿಗೆ, ಎರಡನೆಯದು ಕಾಣುವಂತೆ ಇಟ್ಟವನಿಗೆ. ಬೋರ್ಡ್ ಇದ್ದರೆ ಗನ್ ಕಾರಿನ ಲಾಕ್‌ಬಾಕ್ಸ್‌ನಲ್ಲಿ ಬಿಟ್ಟು ಹೋಗುತ್ತೇನೆ. ಬೋರ್ಡ್ ಇಲ್ಲದ ಕಡೆ ಗಣೇಶನ ಹಬ್ಬಕ್ಕೆ ಪಂಚೆ ಉಟ್ಟುಕೊಂಡು ಹೋದೆ. ಪಂಚೆಗೆ ಬೆಲ್ಟ್ ಕಟ್ಟಿ, ಒಳಗೆ ಬೆಲ್ಲಿ ಬ್ಯಾಂಡ್ (ಗನ್ ಸಿಕ್ಕಿಸುವ ಹೊಟ್ಟೆಪಟ್ಟಿ) ಸುತ್ತಿ, ಮೇಲೆ ಜುಬ್ಬಾ. ಸಾಷ್ಟಾಂಗ ಹಾಕಿ ಅಂದರು ಪುರೋಹಿತರು. ನಿಂತಲ್ಲೇ ಕೈ ಮುಗಿದೆ. ಬೆನ್ನು ನೋವು ಅಂದೆ. ಅವತ್ತಿನಿಂದ ಎಲ್ಲರೂ ಬೆನ್ನು ಹೇಗಿದೆ ಅಂತ ಕೇಳುತ್ತಾರೆ.

ಹಳೇ ಡಾಲಸ್:
ದೇವರ ಮುಂದೆ ಸುಳ್ಳು ಹೇಳಿದ್ದೀರಿ, ನನಗೆ ಹಕ್ಕಿನ ಪಾಠ ಬೇರೆ.

ಪ್ಲೇನೋ ಅಮ್ಮ:
ಗಂಡಸರಿಗೆ ಬೆಲ್ಟ್ ಇದೆ, ಜೇಬಿದೆ, ಆದರೂ ಇಷ್ಟು ಗೋಳು. ಸೀರೆ, ಚೂಡಿದಾರ, ಲೆಗ್ಗಿಂಗ್ಸ್ ಹಾಕುವವರು ಎಲ್ಲಿ ಇಟ್ಟುಕೊಳ್ಳಬೇಕು? ಮೊದಲು ಎಲ್ಲರ ಮಾತು ಕೇಳಿ ಗನ್ ಇಡುವ ಖಾನೆಯೇ ಇರುವ ಹ್ಯಾಂಡ್‌ಬ್ಯಾಗ್ ತಗೊಂಡೆ, 140 ಡಾಲರ್. ಮಾಲ್‌ನಲ್ಲಿ ಮಗಳು ಚಾಕೊಲೇಟ್ ಹುಡುಕುತ್ತಾ ಅದೇ ಖಾನೆಯ ಜಿಪ್ ಎಳೆದಳು. ಹೋಲ್ಸ್ಟರ್ ಟ್ರಿಗರ್ ಮುಚ್ಚಿತ್ತು, ಏನೂ ಆಗಲಿಲ್ಲ. ಅವತ್ತೇ ಬ್ಯಾಗ್ ಮಾರಿದೆ. 17 ವರ್ಷದೊಳಗಿನ ಮಕ್ಕಳ ಕೈಗೆ ಲೋಡ್ ಆದ ಗನ್ ಸಿಗುವಂತೆ ಬಿಡೋದು ಟೆಕ್ಸಾಸ್‌ನಲ್ಲಿ ಅಪರಾಧ, ಅದು ನೆನಪಿರಲಿ. ಈಗ ಬೆಲ್ಲಿ ಬ್ಯಾಂಡ್. ರಾತ್ರಿಯ ಹೊತ್ತಿಗೆ ಸೊಂಟದ ಸುತ್ತ ಕೆಂಪು ಗೆರೆ ಮೂಡಿ ಉರಿಯುತ್ತದೆ, ಪೌಡರ್ ಹಾಕಿಕೊಂಡೇ ಕಟ್ಟಬೇಕು. ಮನೆಗೆ ಬಂದ ತಕ್ಷಣ ಬೆರಳು ಒತ್ತಿದರೆ ತೆಗೆಯುವ ಸೇಫ್‌ಗೆ ಹೋಗುತ್ತದೆ. ಆ ಸೇಫ್‌ಗೆ 260, ಬ್ಯಾಟರಿ ಸತ್ತಾಗ ಕೀ ಹುಡುಕಲು ಒಂದು ಮಧ್ಯಾಹ್ನ.

ಇನ್ನೊಂದು. 2021ರ ಸೆಪ್ಟೆಂಬರ್ 1ರಿಂದ 21 ತುಂಬಿದವರಿಗೆ ಗನ್ ಒಯ್ಯಲು ಲೈಸೆನ್ಸ್ ಬೇಕಿಲ್ಲ ಅಂತ ಎಲ್ಲರೂ ಕುಣಿಯುತ್ತಾರೆ. ಆದರೆ ಶಾಲೆಯಿಂದ 1000 ಅಡಿ ಒಳಗೆ ಗನ್ ತರಬಾರದು ಅನ್ನೋ ಫೆಡರಲ್ (ಇಡೀ ದೇಶದ) ಕಾನೂನು ಬೇರೆ ಇದೆ. ರಾಜ್ಯದ ಲೈಸೆನ್ಸ್ ಇದ್ದವರಿಗೆ ಅಲ್ಲಿ ವಿನಾಯಿತಿ, ಇಲ್ಲದವರಿಗೆ ಇಲ್ಲ. ದಿನಾ ಮಕ್ಕಳನ್ನು ಬಿಡಲು ಹೋಗುವ ಅಪ್ಪ ಅಮ್ಮ ಲೈಸೆನ್ಸ್ ಮಾಡಿಸಿಕೊಳ್ಳೋದು ಒಳ್ಳೆಯದು.

ಆಸ್ಟಿನ್ ಟೆಕ್ಕಿ:
ಒಳ್ಳೆ ಮಾಹಿತಿ ಮೇಡಂ. ನಾನು ಎಚ್1ಬಿ ಕೆಲಸದ ವೀಸಾದಲ್ಲಿದ್ದೇನೆ. ಲೈಸೆನ್ಸ್ ಬೇಕಿಲ್ಲ ಅಂದಮೇಲೆ ರೂಮ್‌ಮೇಟ್ ಗನ್ ನಾನು ಕಾರಲ್ಲಿ ಇಟ್ಟುಕೊಂಡರೆ ತೊಂದರೆ ಇಲ್ಲ ಅಲ್ವಾ? ಅವನು ಸಿಟಿಜನ್.

ಕೇಟಿ ಮಂಡ್ಯದವ:
ಇದೆ ಕಣಪ್ಪಾ, ದೊಡ್ಡ ತೊಂದರೆ ಇದೆ! ಎಚ್1ಬಿ, ಎಫ್1 ಥರದ ವೀಸಾದಲ್ಲಿ ಇರುವವನು ಗನ್ ಮಾತ್ರ ಅಲ್ಲ, ಒಂದು ಗುಂಡನ್ನೂ ಇಟ್ಟುಕೊಳ್ಳುವಂತಿಲ್ಲ. ಫೆಡರಲ್ ಕಾನೂನು, ಟೆಕ್ಸಾಸ್ ಏನೇ ಹೇಳಲಿ. ರೂಮ್‌ಮೇಟ್‌ದು, ಭಾವಂದು ಅನ್ನೋದು ನಡೆಯಲ್ಲ.

ಹಳೇ ಡಾಲಸ್:
ಅರ್ಧ ಹೇಳಬೇಡಿ. ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ನಾನು ಎಚ್1ಬಿ ಇದ್ದಾಗಲೇ ಟೆಕ್ಸಾಸ್ ಹಂಟಿಂಗ್ ಲೈಸೆನ್ಸ್ ತಗೊಂಡು ಗನ್ ಖರೀದಿಸಿದೆ. ಗನ್ ಖರೀದಿಯ ಫಾರ್ಮ್ 4473 ತುಂಬಿ, ಎಫ್‌ಬಿಐ ಚೆಕ್ ಆಗಿ, ಕಾನೂನುಬದ್ಧವಾಗಿ.

ಕೇಟಿ ಮಂಡ್ಯದವ:
ಆ ಹುಡುಗ ಜಿಂಕೆ ಹೊಡೆಯಲು ಹೊರಟಿದ್ದಾನಾ? ಲೈಸೆನ್ಸಿನ ಅವಧಿ ಮುಗಿದ ದಿನ ಗನ್ ಏನು ಮಾಡುತ್ತಾನೆ, ಹೇಳಿಕೊಟ್ಟಿರಾ? ನಮಗೆಲ್ಲ ಜೈಲಿನ ಜೊತೆ ವಾಪಸ್ ಕಳಿಸೋದೂ ಇದೆ. ಗ್ರೀನ್ ಕಾರ್ಡ್ ಇದ್ದವನಿಗೂ ಗನ್ ಕೇಸಿನಲ್ಲಿ ಶಿಕ್ಷೆಯಾದರೆ ಗಡೀಪಾರಿಗೆ ಅದೊಂದೇ ಕಾರಣ ಸಾಕು. ನಿಮ್ಮ ಜಂಭದ ಮಾತು ಕೇಳಿ ಯಾರೋ ಬಡಪಾಯಿ ಬೆಂಗಳೂರಿನ ವಿಮಾನ ಹತ್ತುತ್ತಾನೆ.

ನ್ಯೂಜೆರ್ಸಿ:
ವಿಮಾನ ಅಂದ್ರಲ್ಲ, ನಮ್ಮ ಚಿಕ್ಕಪ್ಪನ ಮಗನ ಕಥೆ ಕೇಳಿ. ಟೆಕ್ಸಾಸ್‌ನಲ್ಲೇ ಇದ್ದ. ಶೂಟಿಂಗ್ ರೇಂಜ್‌ಗೆ ಒಯ್ಯುತ್ತಿದ್ದ ಬ್ಯಾಗನ್ನೇ ಖಾಲಿ ಮಾಡಿ ಊರಿಗೆ ತಗೊಂಡು ಹೋದ. ಬ್ಯಾಗಿನ ಅಸ್ತರ್ ಹರಿದು ಒಳಗೆ ಒಂದು 9 ಎಂಎಂ ಗುಂಡು ಜಾರಿಕೊಂಡಿತ್ತು. ಹೋಗುವಾಗ ಯಾರಿಗೂ ಕಾಣಲಿಲ್ಲ. ವಾಪಸ್ ಬರುವಾಗ ಅಲ್ಲಿನ ಸ್ಕ್ಯಾನರ್‌ನಲ್ಲಿ ಕಂಡಿತು. ಇಂಡಿಯಾದ ಆರ್ಮ್ಸ್ ಆಕ್ಟ್ ಕೇಸ್. ಟಿಕೆಟ್ ಹೋಯಿತು, ಪಾಸ್‌ಪೋರ್ಟ್ ಪೊಲೀಸರ ಹತ್ತಿರ, ಇಲ್ಲಿ ರಜೆ ಮುಗಿದು ಮ್ಯಾನೇಜರ್ ದಿನಾ ಇಮೇಲ್. ವಕೀಲರು ಗೊತ್ತಿದ್ದೂ ಇಟ್ಟುಕೊಂಡದ್ದಲ್ಲ ಅಂತ ಹೈಕೋರ್ಟಿಗೆ ಹೋಗಿ ಕೇಸ್ ರದ್ದು ಮಾಡಿಸಿದರು. ಫೀಸು, ಹೊಸ ಟಿಕೆಟ್, ಸಂಬಳ ಇಲ್ಲದ ರಜೆ ಸೇರಿ ಹತ್ತು ಲಕ್ಷ ರೂಪಾಯಿ ಹತ್ತಿರ. ಒಂದು ಗುಂಡಿಗೆ!

ಅಮೆರಿಕದಲ್ಲೂ ಕಡಿಮೆ ಇಲ್ಲ. 2023ರಲ್ಲಿ ಇಲ್ಲಿನ ವಿಮಾನ ನಿಲ್ದಾಣಗಳ ಚೆಕಿಂಗ್‌ನಲ್ಲಿ ಸಿಕ್ಕ ಗನ್ 6,737. ಬಹುತೇಕ ಲೋಡ್ ಆದವು. ಎಲ್ಲರೂ ಹೇಳೋದು ಒಂದೇ, ಬ್ಯಾಗಲ್ಲಿ ಇತ್ತು ಅನ್ನೋದೇ ಮರೆತಿತ್ತು ಅಂತ. ಅಂಗಿಯೊಳಗೆ ಬಚ್ಚಿಟ್ಟು ರೂಢಿಯಾದವರ ಹಣೆಬರಹ ಇದು. ನನ್ನ ಕೇಳಿದರೆ ಎರಡೂ ಬೇಡ. ಅಂಗಡಿಗೆ ಡ್ರಾಪ್ ಸೇಫ್ (ಹುಂಡಿಯ ಹಾಗೆ ಕಿಂಡಿಯಿಂದ ದುಡ್ಡು ಹಾಕುವ ತಿಜೋರಿ) ಹಾಕಿಸಿ, ದುಡ್ಡು ಹಗಲಲ್ಲಿ ಬ್ಯಾಂಕಿಗೆ ಕಟ್ಟಿ. ನಾನು 20 ವರ್ಷ ಅಂಗಡಿ ನಡೆಸಿದ್ದೇನೆ, ಗನ್ ಮುಟ್ಟಿಲ್ಲ.

ಹಳೇ ಡಾಲಸ್:
ನ್ಯೂಜೆರ್ಸಿಯಲ್ಲಿ ಮುಟ್ಟಲು ಬಿಟ್ಟರಲ್ಲವೇ ಮುಟ್ಟೋದು. 2022ರಲ್ಲಿ ಸುಪ್ರೀಂ ಕೋರ್ಟ್ ನ್ಯೂಯಾರ್ಕ್ ಕೇಸಿನಲ್ಲಿ ಮನೆಯ ಹೊರಗೂ ಗನ್ ಒಯ್ಯೋದು ಹಕ್ಕು ಅಂತ ಬುದ್ಧಿ ಹೇಳಿದ ಮೇಲೆ ಪರ್ಮಿಟ್ ಕೊಡಲು ಶುರು ಮಾಡಿದರು, ಅದಕ್ಕೂ 200 ಡಾಲರ್ ಫೀಸು. ಗನ್ ಬೇಡ ಅನ್ನೋ ಚರ್ಚೆ ಬೇಡ ಅಂತ ಪೋಸ್ಟ್ ಹಾಕಿದವರು ಮೊದಲೇ ಹೇಳಿದ್ದಾರೆ, ಓದಲು ಬರಲ್ವಾ?

ನ್ಯೂಜೆರ್ಸಿ:
ಓದಲು ಬರುತ್ತೆ. ನೀವು ಟೆಕ್ಸಾಸ್ ಲೈಸೆನ್ಸ್ ಹಿಡಿದು ನಮ್ಮ ರಾಜ್ಯಕ್ಕೆ ಗನ್ ತಗೊಂಡು ಬಂದು ನೋಡಿ, ಇಲ್ಲಿ ಅದು ನಡೆಯಲ್ಲ. ಜೈಲಲ್ಲಿ ಕುಳಿತು ಓದಬಹುದು.

ವಿರಾಜಪೇಟೆ ಹುಡುಗ:
ನಿಮ್ಮ ಜಗಳ ನೋಡಿ ನಗು ಬಂತು. ನಮ್ಮ ಕೊಡಗಿನಲ್ಲಿ ಕೋವಿ ಬಚ್ಚಿಡೋದು ಅನ್ನೋದೇ ಇಲ್ಲ. ಕೈಲ್‌ಪೊಳ್ದ್ ಅನ್ನೋ ಆಯುಧ ಪೂಜೆಯ ದಿನ ದೇವರ ಕೋಣೆಯಲ್ಲಿ ಇಟ್ಟು ಹೂವಿಟ್ಟು ಪೂಜೆ ಮಾಡುತ್ತೇವೆ, ಪುತ್ತರಿ ಸುಗ್ಗಿ ಹಬ್ಬಕ್ಕೆ ಗಾಳಿಗೆ ಹಾರಿಸುತ್ತೇವೆ. ನಮಗೆ ಲೈಸೆನ್ಸ್ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ, ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ 2029ರವರೆಗೆ ಮುಂದುವರಿಸಿದೆ, 2021ರಲ್ಲಿ ಹೈಕೋರ್ಟೂ ಎತ್ತಿ ಹಿಡಿದಿದೆ. ಹೂಸ್ಟನ್‌ಗೆ ಬಂದಾಗ ಇಲ್ಲೂ ಹಾಗೇ ಅಂದುಕೊಂಡೆ. ಅಲ್ಲ. ಇಲ್ಲಿ ಸೊಂಟದಲ್ಲಿ ಕಂಡರೆ ಎಚ್‌ಇಬಿ ದಿನಸಿ ಅಂಗಡಿಗೆ ಬಿಡಲ್ಲ, ವಾಟಬರ್ಗರ್ ಹೋಟೆಲ್ ಬೇಡ ಅನ್ನುತ್ತದೆ, ವಾಲ್‌ಮಾರ್ಟ್ 2019ರಲ್ಲಿ ಎಲ್ ಪಾಸೊ ಗುಂಡಿನ ದಾಳಿ ಆದ ಮೇಲೆ ಕಾಣುವಂತೆ ತರಬೇಡಿ ಅಂದಿದೆ. ಹಾಲು ತರಲು ಹೋಗುವಾಗ ಬಿಚ್ಚಿಡು, ಬಂದ ಮೇಲೆ ಕಟ್ಟು. ಬಿಚ್ಚಿ ಕಟ್ಟಿ ಬಿಚ್ಚಿ ಕಟ್ಟಿ ಬೇಸರವಾಗಿ ಅಂಗಿಯೊಳಗೆ ಸೇರಿಸಿದೆ.

ಹಳೇ ಡಾಲಸ್:
ನಿಮ್ಮ ವಿನಾಯಿತಿ ಕೋವಿಗೆ, ಪಿಸ್ತೂಲಿಗಲ್ಲ. ಚುನಾವಣೆ ಬಂದರೆ ಅದನ್ನೂ ಠಾಣೆಗೆ ತಂದುಕೊಡಿ ಅನ್ನುತ್ತಾರೆ. ಅದಕ್ಕೆಲ್ಲ ಹಕ್ಕು ಅನ್ನಬೇಡಿ.

ವಿರಾಜಪೇಟೆ ಹುಡುಗ:
ಪಾರ್ಕಿನಲ್ಲಿ ಎರಡು ಪೊಲೀಸ್ ಕಾರು ಮುಂದೆ ಕೈ ಎತ್ತಿ ನಿಂತವರು ನಮಗೆ ಹಕ್ಕು ಕಲಿಸುತ್ತಿದ್ದಾರೆ.

ಹಳೇ ಡಾಲಸ್:
ಕೈ ಎತ್ತಿರಲಿಲ್ಲ. ಕಾಣುವಂತೆ ಇಟ್ಟಿದ್ದೆ. ಸರಿಯಾಗಿ ಓದಿ.

ಫ್ರಿಸ್ಕೊ ಅಂಗಡಿ:
ಎಲ್ಲರಿಗೂ ಧನ್ಯವಾದ. ನಾನು ಕೇಳಿದ್ದು ಕೌಂಟರ್ ಹಿಂದೆ ನಿಂತಾಗ ಹೇಗೆ, ಕ್ಯಾಶ್ ತಗೊಂಡು ಕಾರಿಗೆ ನಡೆಯುವಾಗ ಹೇಗೆ ಅಂತ. ಎಡಗೈಗೆ ಯಾವುದು ಸಿಗುತ್ತದೆ?

ಪ್ಲೇನೋ ಅಮ್ಮ:
ನಿಮ್ಮದೇ ಅಂಗಡಿಯೊಳಗೆ ನಿಮ್ಮಿಷ್ಟ, ಪಾಲುದಾರರೂ ಒಪ್ಪಬೇಕು ಅಷ್ಟೇ. ಎಡಗೈ ಹೋಲ್ಸ್ಟರ್‌ಗೆ ಆರ್ಡರ್ ಕೊಡಬೇಕು, ವಾರಗಟ್ಟಲೆ ಕಾಯಬೇಕು. ಕಾರಿನಲ್ಲಿ ಸೀಟಿನ ಮೇಲೆ ಹಾಗೇ ಬಿಡಬೇಡಿ, ಕಾಣುವಂತಿದ್ದರೆ ಹೋಲ್ಸ್ಟರ್‌ನಲ್ಲೇ ಇರಬೇಕು. ಕತ್ತಲಲ್ಲಿ ಒಂದು ಕೈಯಲ್ಲಿ ಕ್ಯಾಶ್ ಚೀಲ ಹಿಡಿದು ಇನ್ನೊಂದು ಕೈಯಲ್ಲಿ ಅಂಗಿ ಎತ್ತಿ ಗನ್ ತೆಗೆಯೋದು ಅಭ್ಯಾಸ ಇಲ್ಲದೆ ಆಗುವ ಕೆಲಸವಲ್ಲ. ಮನೆಯಲ್ಲಿ ಖಾಲಿ ಗನ್ ಹಿಡಿದು ಮಾಡಿ ನೋಡಿ, ಗುಂಡು ಬೇರೆ ಕೋಣೆಯಲ್ಲಿ ಇಟ್ಟು.

ಕೇಟಿ ಮಂಡ್ಯದವ:
ನೋಡಿದಿರಾ, ಮೇಡಂ ಕೂಡ ಅಂಗಿಯೊಳಗೇ ಅಂದರು.

ಪ್ಲೇನೋ ಅಮ್ಮ:
ನಾನು ಹಾಗೆ ಹೇಳಿಲ್ಲ. ಇಬ್ಬರೂ ನನ್ನನ್ನು ಎಳೆಯಬೇಡಿ.

ಹಳೇ ಡಾಲಸ್:
ಅಂಗಿ ಎತ್ತೋದು ಕಷ್ಟ ಅಂತ ಅವರೇ ಬರೆದಿದ್ದಾರೆ. ಇದಕ್ಕಿಂತ ಬೇರೆ ಏನು ಬೇಕು ನಿಮಗೆ? ಮೊದಲು ಆ ಬೆನ್ನು ನೋವು ವಾಸಿ ಮಾಡಿಕೊಳ್ಳಿ.